ಹಳೆಯ ಫೋರ್ಡ್ 8ಎನ್ ಟ್ರ್ಯಾಕ್ಟರ್: ಬಿಚ್ಚಿ ಕಟ್ಟಿದ ಕಾರ್ಬೊರೇಟರನ್ನು ಹದಕ್ಕೆ ತರುವುದು ಹೇಗೆ?

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆರು ಎಕರೆ ಜಾಗ ಕೊಂಡಾಗ ಅದರ ಜೊತೆಗೇ 1951ರ ಫೋರ್ಡ್ 8ಎನ್ ಟ್ರ್ಯಾಕ್ಟರೂ ಬಂತು. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರನ್ನು ಬಿಚ್ಚಿ, ತೊಳೆದು, ರಿಪೇರಿ ಕಿಟ್ ಹಾಕಿ ಕಟ್ಟಿದ್ದೇನೆ. ಈಗ ಚೋಕ್ ಎಳೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಚೋಕ್ ಬಿಟ್ಟರೆ ಆಫ್ ಆಗುತ್ತದೆ. ಹೇಗೋ ಓಡಿಸಿದರೂ ಎತ್ತರದ ಹುಲ್ಲಿಗೆ ಮೋವರ್ ಕೊಟ್ಟ ಕೂಡಲೇ ಕೆಮ್ಮುತ್ತದೆ. ನಿಲ್ಲಿಸಿಟ್ಟರೆ ಅಡಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಐಡ್ಲಿಂಗ್ ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಯಾವ ಸ್ಕ್ರೂ ಎಷ್ಟು ಸುತ್ತಿಗೆ ಇಡಬೇಕು?

ಉತ್ತರ: ಸುತ್ತಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮೇನ್ ಸೂಜಿ (ಕೆಲಸ ಮಾಡುವಾಗಿನ ಪೆಟ್ರೋಲ್ ಅಳೆಯುವ ಸ್ಕ್ರೂ), ಐಡ್ಲಿಂಗ್ ಸೂಜಿ (ಎಂಜಿನ್ ಸುಮ್ಮನೆ ನಿಧಾನವಾಗಿ ಓಡುವಾಗಿನ ಮಿಶ್ರಣ ಹದ ಮಾಡುವ ಸ್ಕ್ರೂ) ಎರಡನ್ನೂ ಬೆರಳಿನಲ್ಲೇ ಮೆತ್ತಗೆ ಒಳಗೆ ಕೂರಿಸಿ, ಅಲ್ಲಿಂದ ಒಂದೊಂದು ಸುತ್ತು ಹೊರಕ್ಕೆ ಬಿಡಿ. ಎಂಜಿನ್ ಸ್ಟಾರ್ಟ್ ಆಗಿ ಬಿಸಿಯಾಗುವುದಕ್ಕೆ ಅಷ್ಟು ಸಾಕು. ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿದರೆ ತೊಂದರೆ ಸ್ಕ್ರೂಗಳಲ್ಲಿ ಇಲ್ಲ. ಸೂಜಿ ತಿರುಗಿಸಿದಾಗ ಎಂಜಿನ್ ಒಂದಿಷ್ಟೂ ಸ್ಪಂದಿಸುತ್ತಿಲ್ಲವೆಂದರೆ ಆ ಸೂಜಿಯ ದಾರಿಯಲ್ಲಿ ಪೆಟ್ರೋಲೋ ಗಾಳಿಯೋ ಸರಿಯಾಗಿ ಹರಿಯುತ್ತಿಲ್ಲ ಎಂದರ್ಥ. ಹರಿವು ಸರಿಮಾಡದೆ ಸುತ್ತು ಎಣಿಸುತ್ತಾ ಕೂತರೆ ದಿನವಿಡೀ ತಿರುಗಿಸಿದರೂ ಮುಗಿಯುವುದಿಲ್ಲ.

ಕರ್ನಾಟಕದ ಹಳ್ಳಿಯಲ್ಲಿ ಟ್ರ್ಯಾಕ್ಟರ್ ನೋಡಿ ಬೆಳೆದವರಿಗೆ ಈ ಯಂತ್ರ ಸ್ವಲ್ಪ ಹೊಸತು. ನಮ್ಮಲ್ಲಿ ಇರುವುದೆಲ್ಲ ಡೀಸೆಲ್, ಅಲ್ಲಿ ಪಂಪ್ ಮತ್ತು ಇಂಜೆಕ್ಟರಿನ ಮಾತೇ ಹೊರತು ಕಾರ್ಬೊರೇಟರಿನದ್ದಲ್ಲ. 8ಎನ್ 1947ರಿಂದ 1952ರವರೆಗೆ ತಯಾರಾದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಟ್ರ್ಯಾಕ್ಟರ್. ಅದರ ಹಿಂದಿನ ಅಣ್ಣ, 1939ರ 9ಎನ್, ಹ್ಯಾರಿ ಫರ್ಗುಸನ್ನರ ಮೂರು ಕೊಂಡಿಯ ಹೈಡ್ರಾಲಿಕ್ ವ್ಯವಸ್ಥೆಯನ್ನು ಹೊತ್ತು ಬಂದದ್ದು. ಇವತ್ತು ಮಂಡ್ಯದ ಗದ್ದೆಯಲ್ಲಿ ಕಲ್ಟಿವೇಟರ್ ಎತ್ತಿ ಇಳಿಸುವ ಲಿಂಕೇಜ್ ಅದೇ ವಂಶದ್ದು. 8ಎನ್‌ಗೆ ಕಾರ್ಖಾನೆಯಲ್ಲಿ ಹಾಕುತ್ತಿದ್ದದ್ದು ಮಾರ್ವೆಲ್-ಷೆಬ್ಲರ್ ಟಿಎಸ್‌ಎಕ್ಸ್-241 ಕಾರ್ಬೊರೇಟರ್. ಇದು ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಯ) ಕೆಳಗೆ ಕೂತು ಮಿಶ್ರಣವನ್ನು ಮೇಲಕ್ಕೆ ಕಳಿಸುವ ಜಾತಿಯದು. ಪೆಟ್ರೋಲ್ ಪಂಪ್ ಇಲ್ಲ, ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಈ ಎರಡು ವಿಷಯ ನೆನಪಿದ್ದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಮೊದಲು ಪೆಟ್ರೋಲ್ ಹರಿವು ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಟ್ರ್ಯಾಕ್ಟರ್ ಶೆಡ್ಡಿನ ಹೊರಗಿರಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಬೇಕು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ತಳದ ಡ್ರೇನ್ ಪ್ಲಗ್ ತೆಗೆದು ಕೆಳಗೆ ಒಂದು ಡಬ್ಬಿ ಹಿಡಿದು, ಟ್ಯಾಂಕಿನ ಕೆಳಗಿನ ಗಾಜಿನ ಬಟ್ಟಲಿನ ಮೇಲಿರುವ ವಾಲ್ವನ್ನು ತೆರೆಯಿರಿ. ಎರಡು ಸುತ್ತು ತೆರೆದರೆ ಟ್ಯಾಂಕಿನ ಮಾಮೂಲಿ ಪೆಟ್ರೋಲ್ ಬರುತ್ತದೆ; ಅದಕ್ಕಿಂತ ಹೆಚ್ಚು ತೆರೆದರೆ ಕೊನೆಯ ಒಂದು ಗ್ಯಾಲನ್ ರಿಸರ್ವ್ ಕೂಡ ಇಳಿಯುತ್ತದೆ. ಡಬ್ಬಿಗೆ ಬೀಳುವ ಧಾರೆ ಎಡೆಬಿಡದೆ ಇರಬೇಕು, ಎರಡು ನಿಮಿಷದೊಳಗೆ ಕಡೇಪಕ್ಷ ಒಂದು ಪಿಂಟ್, ಅಂದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ತುಂಬಬೇಕು. ಅಲ್ಲಿಗೇ ನಿಲ್ಲಿಸಬೇಡಿ, ಇನ್ನೂ ಎರಡು ಮೂರು ನಿಮಿಷ ಬಿಡಿ. ಚೆನ್ನಾಗಿ ಶುರುವಾದ ಧಾರೆ ನಿಧಾನವಾಗಿ ಸಣ್ಣಗಾದರೆ ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ. ಮುಚ್ಚಳ ಸಡಿಲಿಸಿದ ತಕ್ಷಣ ಧಾರೆ ಮತ್ತೆ ದಪ್ಪಗಾದರೆ ಅನುಮಾನವೇ ಬೇಡ.

ಮೊದಲಿನಿಂದಲೇ ಧಾರೆ ಸಣ್ಣಗಿದ್ದರೆ ಜಾಲರಿಗಳನ್ನು ನೋಡಿ. ಈ ಟ್ರ್ಯಾಕ್ಟರಿನಲ್ಲಿ ಮೂರು ಇವೆ: ಟ್ಯಾಂಕಿನ ಒಳಗೆ ವಾಲ್ವಿನ ಕೊಳವೆಯ ಮೇಲೆ ಒಂದು, ಗಾಜಿನ ಬಟ್ಟಲಿನ ಮೇಲ್ಭಾಗದಲ್ಲಿ ಒಂದು, ಕಾರ್ಬೊರೇಟರಿಗೆ ಪೈಪ್ ಸೇರುವ ಹಿತ್ತಾಳೆಯ ಮೊಣಕೈಯಲ್ಲಿ ಒಂದು. ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಏಕೆಂದರೆ ಮೊಣಕೈ ಬಿಚ್ಚಿದರೆ ಮಾತ್ರ ಅದು ಕಾಣುವುದು. ಹಳೆಯ ಟ್ಯಾಂಕಿನ ತುಕ್ಕು ಪುಡಿಯೆಲ್ಲ ಬಂದು ಕೂರುವುದು ಅಲ್ಲೇ. ಇನ್ನೊಂದು ಮಾತು, ಹಿಂದಿನ ಮಾಲೀಕರು ಪೈಪಿನ ನಡುವೆ ಕಾರಿನ ಪೇಪರ್ ಫಿಲ್ಟರ್ ಸೇರಿಸಿದ್ದರೆ ತೆಗೆದುಬಿಡಿ. ಅದು ಪಂಪ್ ಒತ್ತಡಕ್ಕೆ ಮಾಡಿದ್ದು, ಬರೀ ಭಾರಕ್ಕೆ ಇಳಿಯುವ ಪೆಟ್ರೋಲನ್ನು ಅದು ಹಿಡಿದು ನಿಲ್ಲಿಸುತ್ತದೆ. ಹುಲ್ಲು ಕತ್ತರಿಸುವಾಗ ಎಂಜಿನ್ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕೆಮ್ಮಿದರೆ ಬೌಲ್ ಖಾಲಿಯಾಗುತ್ತಿದೆ ಎಂದು ತಿಳಿಯಿರಿ.

ಕಿಡಿಯನ್ನೂ ಈಗಲೇ ನೋಡಿಬಿಡಿ. ಕಾರ್ಬೊರೇಟರ್ ಮೇಲೆ ಹೊರಿಸುವ ದೂರುಗಳಲ್ಲಿ ಒಳ್ಳೆಯ ಪಾಲು ಪಾಯಿಂಟ್‌ನದ್ದೇ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚಿನದ್ದೇ) ಆಗಿರುತ್ತದೆ. 1951ರ ಗಾಡಿಗೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಪಕ್ಕದಲ್ಲಿರುತ್ತದೆ, ಅದರ ಪಾಯಿಂಟ್ ಗ್ಯಾಪ್ 0.025 ಇಂಚು. ಮುಂಭಾಗದಲ್ಲಿ ಡಿಸ್ಟ್ರಿಬ್ಯೂಟರ್ ಇರುವ ಹಳೆಯ 8ಎನ್‌ಗೆ 0.015. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ. ಪ್ಲಗ್ ಗ್ಯಾಪ್ 0.025ರಿಂದ 0.028 ಇಂಚು, ಫೈರಿಂಗ್ ಆರ್ಡರ್ 1-2-4-3. ಕಿಡಿ ಕಾಲು ಇಂಚಿನ ಅಂತರವನ್ನು ಚಟಾರನೆ, ನೀಲಿಯಾಗಿ ಹಾರಬೇಕು. ಹಳದಿ ಬಣ್ಣದ ಸೋತ ಕಿಡಿಗೆ ಯಾವ ಸೂಜಿ ತಿರುಗಿಸಿದರೂ ಪ್ರಯೋಜನವಿಲ್ಲ. ಪೆಟ್ರೋಲ್ ಹರಿವು ನೋಡುವಾಗ ಮಾತ್ರ ಕಿಡಿಯ ಪರೀಕ್ಷೆ ಬೇಡ; ಡಬ್ಬಿ ದೂರ ಇಟ್ಟು, ಚೆಲ್ಲಿದ್ದು ಒರೆಸಿ, ಆವಿ ಆರಿದ ಮೇಲೆ ಮಾಡಿ.

ಈಗ ತೊಟ್ಟಿಕ್ಕುವ ವಿಷಯ. ಕೆಳಗಿನಿಂದ ಮೇಲಕ್ಕೆ ಕಳಿಸುವ ಕಾರ್ಬೊರೇಟರ್ ಆದ್ದರಿಂದ, ಚೋಕ್ ಎಳೆದು ಎಂಜಿನ್ ತಿರುಗಿಸಿ ನಿಲ್ಲಿಸಿದರೆ ಮ್ಯಾನಿಫೋಲ್ಡಿನಲ್ಲಿ ಉಳಿದ ಪೆಟ್ರೋಲ್ ಕೆಳಗಿಳಿದು ನಾಲ್ಕಾರು ಹನಿ ಬೀಳುತ್ತದೆ. ಅದು ಸಹಜ. ಆದರೆ ಐದು ನಿಮಿಷ ಕಳೆದ ಮೇಲೂ ಹನಿ ನಿಲ್ಲದಿದ್ದರೆ ಫ್ಲೋಟ್ ವಾಲ್ವ್ ಮುಚ್ಚುತ್ತಿಲ್ಲ. ಬೌಲ್ ತುಂಬಿದಾಗ ಮೇಲೇರುವ ಫ್ಲೋಟ್ ತನ್ನದೇ ಒಂದು ಸಣ್ಣ ಸೂಜಿಯನ್ನು ಸೀಟಿಗೆ ಒತ್ತಿ ಪೆಟ್ರೋಲ್ ನಿಲ್ಲಿಸುವ ವಾಲ್ವ್ ಅದು. ನಿಲ್ಲಿಸಿದಾಗ ಸೋರುವುದು, ಓಡುವಾಗ ಪೆಟ್ರೋಲ್ ಸಾಲದಿರುವುದು, ಇವೆರಡೂ ಒಟ್ಟಿಗೆ ಇರಲು ಸಾಧ್ಯವೇ ಎಂದು ನಿಮಗೆ ಅನಿಸಬಹುದು. ಸಾಧ್ಯ. ಸೀಟಿನಲ್ಲಿ ಸಿಕ್ಕಿಕೊಂಡ ಒಂದು ತುಕ್ಕಿನ ಚೂರು ಸೂಜಿ ಪೂರ್ತಿ ಮುಚ್ಚದಂತೆಯೂ ತಡೆಯುತ್ತದೆ, ತೆರೆದಾಗ ದಾರಿಯನ್ನೂ ಕಿರಿದು ಮಾಡುತ್ತದೆ.

ಕಾರ್ಬೊರೇಟರ್ ಬಿಚ್ಚಿ ಮೇಲಿನ ಅರ್ಧವನ್ನು ತಲೆಕೆಳಗಾಗಿ ಹಿಡಿಯಿರಿ, ಗ್ಯಾಸ್ಕೆಟ್ ತನ್ನ ಜಾಗದಲ್ಲೇ ಇರಲಿ. ಫ್ಲೋಟ್ ತನ್ನ ಭಾರಕ್ಕೆ ಸೂಜಿಯ ಮೇಲೆ ಕೂತಾಗ ಗ್ಯಾಸ್ಕೆಟ್‌ನಿಂದ ಫ್ಲೋಟಿನ ಹತ್ತಿರದ ಅಂಚಿಗೆ ಕಾಲು ಇಂಚು, 6.35 ಮಿ.ಮೀ. ಇರಬೇಕು. ಅಳೆಯಲು ಕಾಲು ಇಂಚಿನ ಡ್ರಿಲ್ ಬಿಟ್ ಸಾಕು. ಅದರ ನುಣುಪಾದ ಹಿಂಬದಿಯನ್ನು ಗ್ಯಾಸ್ಕೆಟ್ ಮೇಲೆ ಮಲಗಿಸಿ ಫ್ಲೋಟಿನ ಅಡಿಗೆ ತೂರಿಸಿ. ಫ್ಲೋಟನ್ನು ಎತ್ತದೆ, ಆದರೆ ಮುಟ್ಟಿಕೊಂಡು ಜಾರಬೇಕು. ಎರಡೂ ಬದಿಯ ಡಬ್ಬಿಗಳಿಗೂ ಹೀಗೇ ನೋಡಿ. ಒಂದು ಬದಿ ಮುಟ್ಟಿ ಇನ್ನೊಂದು ಬದಿ ಸಡಿಲವಿದ್ದರೆ ಫ್ಲೋಟ್ ಓರೆಯಾಗಿದೆ, ಬೌಲಿನ ಗೋಡೆಗೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಅಳತೆ ತಪ್ಪಿದ್ದರೆ ಸೂಜಿಯನ್ನು ತಳ್ಳುವ ಸಣ್ಣ ನಾಲಿಗೆಯನ್ನು ಮಾತ್ರ ಇಕ್ಕಳದಿಂದ ಬಗ್ಗಿಸಿ. ಫ್ಲೋಟನ್ನೇ ಒತ್ತಿ ಬಗ್ಗಿಸಿದರೆ ಸೂಜಿಯ ತುದಿ ಸೀಟಿಗೆ ಒತ್ತಿಕೊಂಡು ಹಾಳಾಗುತ್ತದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ತೂತಾಗಿದೆ, ಬದಲಿಸಿ. ಸೀಟಿನ ಅಡಿಯ ಸಣ್ಣ ವಾಷರನ್ನು ಕಿಟ್ಟಿನ ಚೀಲದಲ್ಲೇ ಮರೆತು ಕಟ್ಟುವವರಿದ್ದಾರೆ, ಆಗ ಹೊಸ ಸೂಜಿ ಹಾಕಿದರೂ ಪೆಟ್ರೋಲ್ ಸೀಟಿನ ಮರೆಯ (ಥ್ರೆಡ್) ಸುತ್ತಿನಿಂದ ನುಗ್ಗುತ್ತದೆ.

ಬಿಚ್ಚಿರುವಾಗಲೇ ಮೇನ್ ಸೂಜಿಯ ತುದಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಶಂಕುವಿನಂತೆ ನುಣುಪಾಗಿ ಇಳಿದಿರಬೇಕು. ನಡುವೆ ಉಂಗುರದಂತೆ ಗೆರೆ ಬಿದ್ದಿದ್ದರೆ ಯಾರೋ ಹಿಂದೆ ಬಲವಾಗಿ ಬಿಗಿದಿದ್ದಾರೆ. ಅಂಥ ಸೂಜಿಯಲ್ಲಿ ಮಿಶ್ರಣ ಹಂತಹಂತವಾಗಿ ಬದಲಾಗುವುದಿಲ್ಲ, ಕಾಲು ಸುತ್ತಿಗೆ ಏನೂ ಆಗದೆ ಇನ್ನೊಂದು ಕೂದಲೆಳೆಗೆ ಒಮ್ಮೆಲೇ ಹೆಚ್ಚಾಗಿಬಿಡುತ್ತದೆ. ಕಿಟ್ಟಿನಲ್ಲಿ ಹೊಸ ಸೂಜಿ ಬಂದಿದ್ದರೆ ಅದನ್ನೇ ಹಾಕಿ. ಮೇನ್ ನಾಝಲ್‌ನ ಬುಡದ ಗ್ಯಾಸ್ಕೆಟ್ ಬಿಟ್ಟುಹೋಗಿದ್ದರೆ ಪೆಟ್ರೋಲ್ ಸೂಜಿಯ ಹಂಗಿಲ್ಲದೆ ಪಕ್ಕದಿಂದ ಹೋಗುತ್ತದೆ, ಮೇನ್ ಪೂರ್ತಿ ಮುಚ್ಚಿದರೂ ಕಪ್ಪು ಹೊಗೆ ನಿಲ್ಲುವುದಿಲ್ಲ.

ಐಡ್ಲಿಂಗ್ ಸ್ಕ್ರೂ ಕೆಲಸ ಮಾಡದಿರುವುದಕ್ಕೆ ನಾಲ್ಕು ಕಾರಣ ಇರಬಹುದು. ಹೆಚ್ಚಾಗಿ ಸಿಗುವುದು ಕಟ್ಟಿಕೊಂಡ ತೂತು. ಎಂಜಿನ್ನಿಗೆ ಹೋಗುವ ಮಿಶ್ರಣದ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಅಂಚಿನ ಬಳಿ ಐಡ್ಲಿಂಗ್ ಪೆಟ್ರೋಲ್ ಹೊರಬರುವ ಸಣ್ಣ ತೂತುಗಳಿವೆ. ಸೂಜಿ ತೆಗೆದು ಆ ಜಾಗಕ್ಕೆ ಕ್ಲೀನರಿನ ತೆಳು ನಳಿಗೆ ಇಟ್ಟು ಹೊಡೆದರೆ ಈ ತೂತುಗಳಿಂದ ಸ್ವಚ್ಛವಾದ ಧಾರೆ ಬರಬೇಕು. ಕನ್ನಡಕ ಹಾಕಿಕೊಂಡೇ ಹೊಡೆಯಿರಿ, ವಾಪಸ್ ಕಣ್ಣಿಗೇ ಎರಚುತ್ತದೆ. ಬಾರದಿದ್ದರೆ ತಾಮ್ರದ ವೈರಿನ ಒಂದೇ ಎಳೆ ತೂರಿಸಿ ಬಿಡಿಸಿ, ಆಮೇಲೆ ಕಂಪ್ರೆಸರ್ ಗಾಳಿ ಹಾಯಿಸಿ. ಉಕ್ಕಿನ ತಂತಿ ಬೇಡ, ತೂತು ದೊಡ್ಡದಾದರೆ ಮತ್ತೆ ಚಿಕ್ಕದು ಮಾಡಲಾಗುವುದಿಲ್ಲ. ಎರಡನೆಯದು ನಡುವಿನ ಗ್ಯಾಸ್ಕೆಟ್. ಕಿಟ್ಟಿನಲ್ಲಿ ಬೇರೆ ಬೇರೆ ಮಾಡೆಲ್‌ಗೆ ಒಂದಕ್ಕಿಂತ ಹೆಚ್ಚು ಗ್ಯಾಸ್ಕೆಟ್ ಇರುತ್ತವೆ. ಹಳೆಯದರ ಮೇಲೆ ಹೊಸದನ್ನಿಟ್ಟು ಪ್ರತಿ ತೂತೂ ಹೊಂದುತ್ತದೆಯೇ ನೋಡಿ. ಒಂದು ತೂತು ಮುಚ್ಚಿದರೂ ಐಡ್ಲಿಂಗ್ ಸತ್ತಂತೆ. ಮೂರನೆಯದು ಥ್ರಾಟಲ್ ತಟ್ಟೆ ತಿರುವುಮುರುವಾಗಿ ಕೂತಿರುವುದು. ತಟ್ಟೆಯ ಅಂಚು ಓರೆಯಾಗಿ ಕತ್ತರಿಸಿದ್ದು, ಉಲ್ಟಾ ಹಾಕಿದರೆ ಪೂರ್ತಿ ಮುಚ್ಚುವುದಿಲ್ಲ. ಸ್ಕ್ರೂ ಸಡಿಲವಿರುವಾಗಲೇ ಥ್ರಾಟಲ್ ಮುಚ್ಚಿ, ತಟ್ಟೆ ತಾನಾಗಿ ನಡುವೆ ಕೂತ ಮೇಲೆ ಬಿಗಿಯಬೇಕು. ಬೆಳಕಿಗೆ ಹಿಡಿದರೆ ಸುತ್ತಲೂ ಕೂದಲೆಳೆಯಷ್ಟೇ ಬೆಳಕು ಕಾಣಬೇಕು.

ನಾಲ್ಕನೆಯದು ಎಲ್ಲಿಂದಲೋ ಗಾಳಿ ಹೀರಿಕೊಳ್ಳುವುದು. ಎಪ್ಪತ್ತು ವರ್ಷ ದಾಟಿದ ಕಾರ್ಬೊರೇಟರಿನಲ್ಲಿ ಥ್ರಾಟಲ್ ಶಾಫ್ಟ್ ಸವೆದಿರದಿದ್ದರೆ ಆಶ್ಚರ್ಯ. ಶಾಫ್ಟಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ, ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಗಾಳಿ ಒಳಹೋಗುತ್ತಿದೆ. ಖಚಿತಪಡಿಸಿಕೊಳ್ಳಲು ಹಲವರು ಓಡುವ ಎಂಜಿನ್ನಿನ ಮೇಲೆ ಕ್ಲೀನರ್ ಸ್ಪ್ರೇ ಮಾಡುತ್ತಾರೆ. ಈ ಟ್ರ್ಯಾಕ್ಟರಿನಲ್ಲಿ ಅದನ್ನು ಮಾಡಲೇಬೇಡಿ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಒಂದೇ ಎರಕದಲ್ಲಿ ಅಂಟಿಕೊಂಡಿವೆ, ಹೊತ್ತಿಕೊಳ್ಳಲು ಕ್ಷಣ ಸಾಕು. ಅದರ ಬದಲು ಶಾಫ್ಟಿನ ಎರಡೂ ತುದಿಗೆ, ಫ್ಲ್ಯಾಂಜ್ (ಮ್ಯಾನಿಫೋಲ್ಡಿಗೆ ಕೂರುವ ಮುಖ) ಗ್ಯಾಸ್ಕೆಟ್‌ನ ಸುತ್ತ ಗಟ್ಟಿ ಗ್ರೀಸ್ ಬಳಿಯಿರಿ. ಬಳಿದ ತಕ್ಷಣ ಐಡ್ಲಿಂಗ್ ಬದಲಾದರೆ ಸೋರಿಕೆ ಅಲ್ಲೇ. ಸವೆದ ಶಾಫ್ಟಿಗೆ ಹೊಸ ಶಾಫ್ಟ್ ಮತ್ತು ಬುಷ್ ಹಾಕಿಸಬೇಕು, ಬೇರೆ ದಾರಿಯಿಲ್ಲ. ಫ್ಲ್ಯಾಂಜ್ ಎರಡೇ ಬೋಲ್ಟ್‌ನಲ್ಲಿ ನಿಂತಿರುವುದರಿಂದ ಹೆಚ್ಚು ಬಿಗಿದಿದ್ದರೆ ಎರಡು ಕಿವಿಗಳೂ ಬಾಗಿ ನಡುವೆ ಸಂದಿ ಬಿಟ್ಟಿರುತ್ತದೆ. ಗಾಜಿನ ಮೇಲೆ ಎಮರಿ ಪೇಪರ್ ಹರಡಿ ಫ್ಲ್ಯಾಂಜನ್ನು ಉಜ್ಜಿ ಸಮ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ.

ಇಷ್ಟು ಸರಿಯಾದ ಮೇಲೆ ಟ್ಯೂನಿಂಗ್. ಸೂಜಿಗಳು ತಲಾ ಒಂದು ಸುತ್ತಿನಲ್ಲಿರಲಿ. ಎಂಜಿನ್ ಸ್ಟಾರ್ಟ್ ಮಾಡಿ, ಚೋಕ್ ನಿಧಾನವಾಗಿ ಬಿಟ್ಟು, ಹದಿನೈದು ನಿಮಿಷ ಓಡಿಸಿ. ತಣ್ಣಗಿನ ಎಂಜಿನ್ನಿಗೆ ಮಾಡಿದ ಹದ ಬಿಸಿಯಾದ ಮೇಲೆ ಪೆಟ್ರೋಲ್ ಜಾಸ್ತಿಯಾಗಿ ಕಾಣುತ್ತದೆ. ಚೋಕ್ ತಟ್ಟೆ ನಿಜವಾಗಿಯೂ ಪೂರ್ತಿ ತೆರೆದಿದೆಯೇ ಎಂದು ಲಿವರಿನಲ್ಲಿ ಕೈಯಿಟ್ಟು ನೋಡಿ, ಬಾಗಿದ ಸರಳು ಅರ್ಧಕ್ಕೇ ನಿಲ್ಲಿಸಿರಬಹುದು.

ಥ್ರಾಟಲ್ ಮುಕ್ಕಾಲು ಭಾಗಕ್ಕೆ ತಂದು ಮೇನ್ ಸೂಜಿಯನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಒಳಕ್ಕೆ ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಬೌಲಿನ ಮಟ್ಟ, ಗವರ್ನರ್ (ಎಂಜಿನ್ ಸ್ಪೀಡನ್ನು ತಾನಾಗಿ ಕಾಯ್ದುಕೊಳ್ಳುವ ಭಾಗ), ಎಂಜಿನ್ ಎಲ್ಲವೂ ಹೊಸ ಹದಕ್ಕೆ ಬರಲು ಅಷ್ಟು ಹೊತ್ತು ಬೇಕು. ಹೀಗೆ ಒಳಕ್ಕೆ ಹೋಗುತ್ತಾ ಎಂಜಿನ್ ಸ್ಪೀಡ್ ಕುಗ್ಗಿ ಮುಗ್ಗರಿಸುವ ಜಾಗ ಗುರುತಿಸಿಕೊಳ್ಳಿ. ಅಲ್ಲಿಂದ ಹೊರಕ್ಕೆ ಬಂದರೆ ಮೊದಲು ನುಣುಪಾಗಿ ಓಡಿ, ಆಮೇಲೆ ಭಾರವಾಗಿ ಗುಡುಗುಡು ಎನ್ನುವ ಜಾಗ ಸಿಗುತ್ತದೆ. ಎರಡರ ನಡುವೆ, ಸ್ವಲ್ಪ ಪೆಟ್ರೋಲ್ ಹೆಚ್ಚಿರುವ ಕಡೆಗೆ ನಿಲ್ಲಿಸಿ. ಅಮೆರಿಕದ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಇರುವುದರಿಂದ ಹಳೆಯ ಮ್ಯಾನ್ಯುಅಲ್ ಹೇಳಿದ್ದಕ್ಕಿಂತ ಎಂಟನೇ ಒಂದು ಸುತ್ತು ಹೆಚ್ಚು ತೆರೆಯಬೇಕಾದರೆ ಗಾಬರಿ ಬೇಡ.

ಐಡ್ಲಿಂಗ್‌ಗೆ ಥ್ರಾಟಲ್ ಪೂರ್ತಿ ಇಳಿಸಿ, ಥ್ರಾಟಲ್ ಲಿವರಿನ ಸ್ಟಾಪ್ ಸ್ಕ್ರೂನಿಂದ 400ರಿಂದ 450 ಆರ್‌ಪಿಎಂಗೆ ತನ್ನಿ. ಸ್ಪೀಡ್ ಇದಕ್ಕಿಂತ ಬಹಳ ಹೆಚ್ಚಿದ್ದರೆ ತಟ್ಟೆ ತೆರೆದು ಎಂಜಿನ್ ಮೇನ್ ನಾಝಲ್‌ನಿಂದಲೇ ಕುಡಿಯುತ್ತಿರುತ್ತದೆ, ಆಗ ಐಡ್ಲಿಂಗ್ ಸೂಜಿಗೆ ಬೆಲೆಯೇ ಇರುವುದಿಲ್ಲ. ನಿಮ್ಮ ಗಾಡಿಯಲ್ಲಿ ಇದೂ ಒಂದು ಕಾರಣವಿದ್ದೀತು. ಇಲ್ಲೊಂದು ಎಚ್ಚರ: ಈ ಕಾರ್ಬೊರೇಟರಿನ ಐಡ್ಲಿಂಗ್ ಸೂಜಿ ಅಳೆಯುವುದು ಗಾಳಿಯನ್ನು, ಪೆಟ್ರೋಲನ್ನಲ್ಲ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿಯಾಗುತ್ತದೆ, ಹೊರಕ್ಕೆ ತಿರುಗಿಸಿದರೆ ಗಾಳಿ ಹೆಚ್ಚುತ್ತದೆ. ಮೇನ್ ಸೂಜಿ ಇದಕ್ಕೆ ನೇರ ವಿರುದ್ಧ, ಒಳಕ್ಕೆ ಹೋದಂತೆ ಪೆಟ್ರೋಲ್ ಕಡಿಮೆ. ಊರಲ್ಲಿ ಹಳೆಯ ಬುಲೆಟ್ ಬೈಕಿನ ಏರ್ ಸ್ಕ್ರೂ ತಿರುಗಿಸಿ ಅಭ್ಯಾಸವಿದ್ದವರಿಗೆ ಇದು ಸುಲಭ. ಎರಡೂ ಒಂದೇ ದಿಕ್ಕು ಅಂದುಕೊಂಡವರು ತಾಸುಗಟ್ಟಲೆ ಉಲ್ಟಾ ದಾರಿಯಲ್ಲಿ ಅಲೆಯುತ್ತಾರೆ. ಕಾಲು ಕಾಲು ಸುತ್ತು ತಿರುಗಿಸಿ ಎಂಜಿನ್ ಅತ್ಯಂತ ನುಣುಪಾಗಿ ಓಡುವ ಜಾಗದಲ್ಲಿ ಬಿಡಿ, ಸ್ಪೀಡ್ ಏರಿದ್ದರೆ ಸ್ಟಾಪ್ ಸ್ಕ್ರೂ ಸಡಿಲಿಸಿ ಮತ್ತೆ ಇಳಿಸಿ.

ಆಮೇಲೆ ಐಡ್ಲಿಂಗ್‌ನಿಂದ ಥ್ರಾಟಲನ್ನು ಒಮ್ಮೆಲೇ ಎಳೆಯಿರಿ. ತಡವರಿಸಿ ಕಾರ್ಬೊರೇಟರಿನಿಂದಲೇ ಪಟ್ ಎಂದು ಸಿಡಿದರೆ ಮೇನ್ ಇನ್ನೂ ಎಂಟನೇ ಒಂದು ಸುತ್ತು ಹೊರಕ್ಕೆ. ಕಪ್ಪು ಹೊಗೆ ಉಗುಳಿ ಎದ್ದರೆ ಅಷ್ಟೇ ಒಳಕ್ಕೆ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಆದ್ದರಿಂದಲೇ ಹೊಲಕ್ಕೆ ಹೋದ ಮೇಲೆ ಕೆಮ್ಮು ಮತ್ತೆ ಬರುತ್ತದೆ. ಈ ಎಂಜಿನ್ನಿಗೆ ಗವರ್ನರ್ ಇದೆ. ಕೈ ಲಿವರ್ ಎಷ್ಟೇ ಎಳೆದರೂ ಲೋಡ್ ಇಲ್ಲದಾಗ ಗವರ್ನರ್ ಥ್ರಾಟಲ್ ತಟ್ಟೆಯನ್ನು ಬಹುಪಾಲು ಮುಚ್ಚಿಯೇ ಇಡುತ್ತದೆ, ಎಂಜಿನ್ ಕುಡಿಯುವುದು ಚೂರೇ ಪೆಟ್ರೋಲ್. ಮೋವರ್ ಎತ್ತರದ ಹುಲ್ಲಿಗೆ ನುಗ್ಗಿದಾಗ ತಟ್ಟೆ ಪೂರ್ತಿ ತೆರೆಯುತ್ತದೆ. ಮೇನ್ ಸೂಜಿಗೆ ನಿಜವಾದ ಪರೀಕ್ಷೆ ಆಗಲೇ. ಹಾಗಾಗಿ ಅಂಗಳದಲ್ಲಿ ಮಾಡಿದ್ದು ಅರ್ಧ ಹದ ಮಾತ್ರ. ಪಿಟಿಒ (ಮೋವರನ್ನು ತಿರುಗಿಸುವ ಹಿಂಬದಿಯ ಶಾಫ್ಟ್) ಹಾಕಿ, ಎಂಜಿನ್ 1500 ಆರ್‌ಪಿಎಂ ಸುಮಾರಿಗೆ ಇಟ್ಟು (ಆಗ ಪಿಟಿಒ 540ರ ಆಸುಪಾಸು ತಿರುಗುತ್ತದೆ) ದಟ್ಟ ಹುಲ್ಲಿಗೆ ಇಳಿಸಿ. ಲೋಡ್ ಬಿದ್ದಾಗ ಎಂಜಿನ್ ಸದ್ದು ಆಳವಾಗಿ, ಸ್ಪೀಡ್ ಒಂದಿಷ್ಟು ಇಳಿದು ತಕ್ಷಣ ಎದ್ದು ನಿಲ್ಲಬೇಕು. ಕೆಮ್ಮಿದರೆ ಎಂಟನೇ ಒಂದು ಸುತ್ತು ತೆರೆಯಿರಿ, ಹೊಗೆ ಕಪ್ಪಾದರೆ ಅಷ್ಟೇ ಮುಚ್ಚಿ. ಪ್ರತಿಸಲವೂ ಪಿಟಿಒ ಬಿಡಿಸಿ, ಬ್ಲೇಡ್ ನಿಂತ ಮೇಲೆಯೇ ಇಳಿದು ಕೈಹಾಕಿ. 8ಎನ್‌ನಲ್ಲಿ ಕ್ಲಚ್ ಒತ್ತಿದರೂ ತಿರುಗುತ್ತಿರುವ ಮೋವರ್ ತನ್ನ ವೇಗದಲ್ಲಿ ಟ್ರ್ಯಾಕ್ಟರನ್ನೇ ಮುಂದಕ್ಕೆ ನೂಕುತ್ತದೆ. ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕಪ್ಲರ್ (ಮೋವರಿನ ನೂಕು ಟ್ರ್ಯಾಕ್ಟರಿಗೆ ವಾಪಸ್ ಬಾರದಂತೆ ತಡೆಯುವ ಜೋಡಣೆ) ಇಲ್ಲದಿದ್ದರೆ ಕಾರ್ಬೊರೇಟರಿಗೆ ಖರ್ಚು ಮಾಡುವ ಮೊದಲು ಅದನ್ನು ಹಾಕಿಸಿ.

ಲೋಡ್ ಇಲ್ಲದೆ ಓಡುವಾಗ ಸ್ಪೀಡ್ ಏರುವುದು ಇಳಿಯುವುದು, ಏರುವುದು ಇಳಿಯುವುದು ನಡೆದರೆ ಮೊದಲು ಮೇನ್ ಸ್ವಲ್ಪ ತೆರೆದು ನೋಡಿ. ನಿಂತರೆ ಪೆಟ್ರೋಲ್ ಕೊರತೆ ಇತ್ತು. ನಿಲ್ಲದಿದ್ದರೆ ಗವರ್ನರಿನಿಂದ ಕಾರ್ಬೊರೇಟರಿಗೆ ಬರುವ ಸರಳು ಎಲ್ಲೋ ಅಂಟುತ್ತಿದೆ. ಎಂಜಿನ್ ಆಫ್ ಇರುವಾಗ ಕೈ ಲಿವರ್ ಪೂರ್ತಿ ಎಳೆದರೆ ಕಾರ್ಬೊರೇಟರಿನ ತಟ್ಟೆಯೂ ಪೂರ್ತಿ ತೆರೆಯಬೇಕು. ಇಲ್ಲವಾದರೆ ಸರಳಿನ ಉದ್ದ ಸರಿಮಾಡಿ.

ಕಪ್ಪು ಹೊಗೆ ಯಾವುದಕ್ಕೂ ಬಗ್ಗದಿದ್ದರೆ ಆಯಿಲ್ ಬಾತ್ ಏರ್ ಕ್ಲೀನರ್ ತೆರೆಯಿರಿ. ಬಟ್ಟಲಿನ ಎಣ್ಣೆ ಗುರುತಿಗಿಂತ ಮೇಲಿದ್ದರೆ ಅಥವಾ ಕೆಸರಾಗಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಪ್ಲಗ್ ಬಣ್ಣ ಲೋಡ್‌ನಲ್ಲಿ ಓಡಿಸಿ ನಿಲ್ಲಿಸಿದ ಕೂಡಲೇ ನೋಡಬೇಕು: ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಬಿಳುಪು ಇದ್ದರೆ ಕಡಿಮೆ, ತಿಳಿ ಕಂದು ಬಣ್ಣವಿದ್ದರೆ ಸರಿ. ಈಗಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ಬಣ್ಣ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ, ಆದ್ದರಿಂದ ಬಣ್ಣಕ್ಕಿಂತ ಹುಲ್ಲಿನಲ್ಲಿ ಎಂಜಿನ್ ಎಳೆಯುವ ರೀತಿಯನ್ನು ಹೆಚ್ಚು ನಂಬಿ.

ಸರಿಯಾದ ಕಾರ್ಬೊರೇಟರಿನಲ್ಲಿ ಮೇನ್ ಸೂಜಿ ಒಂದರಿಂದ ಒಂದೂವರೆ ಸುತ್ತಿನೊಳಗೆ ನಿಲ್ಲುತ್ತದೆ. ಎರಡು ಸುತ್ತು ದಾಟಿದರೂ ಸಾಲುತ್ತಿಲ್ಲವೆಂದರೆ ಜೆಟ್ ದಾರಿಯಲ್ಲಿ ಇನ್ನೂ ಕಸವಿದೆ, ಮತ್ತೆ ಬಿಚ್ಚಬೇಕು. ಹದ ಸಿಕ್ಕ ಮೇಲೆ ಎಷ್ಟು ಸುತ್ತಿನಲ್ಲಿದೆ ಎಂದು ಒಳಕ್ಕೆ ಎಣಿಸಿ, ಮತ್ತೆ ಅಷ್ಟೇ ಹೊರಕ್ಕೆ ತಂದು, ಸಂಖ್ಯೆಯನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡಿ. ಸೂಜಿಯ ಬುಡದ ಪ್ಯಾಕಿಂಗ್ ನಟ್ ಅಲುಗಾಟಕ್ಕೆ ಸೂಜಿ ತಿರುಗದಷ್ಟು ಮಾತ್ರ ಬಿಗಿಯಿರಲಿ. ಕೆಲಸ ಮುಗಿದಾಗಲೆಲ್ಲ ಟ್ಯಾಂಕಿನ ವಾಲ್ವ್ ಮುಚ್ಚಿ. ಚಳಿಗಾಲಕ್ಕೆ ಶೆಡ್ಡಿಗೆ ಹಾಕುವಾಗ ವಾಲ್ವ್ ಮುಚ್ಚಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಡ್ರೇನ್ ಪ್ಲಗ್ ತೆಗೆದು ಬೌಲಿನ ತಳದಲ್ಲಿ ಉಳಿದದ್ದನ್ನೂ ಇಳಿಸಿಬಿಡಿ. ಎಥನಾಲ್ ಬೆರೆತ ಪೆಟ್ರೋಲ್ ಬೌಲಿನಲ್ಲಿ ನಾಲ್ಕು ತಿಂಗಳು ನಿಂತರೆ ನೀರು ಹೀರಿ, ಅಂಟುಕಟ್ಟಿ, ನೀವು ಈಗ ಬಿಡಿಸಿದ ಅವೇ ತೂತುಗಳನ್ನು ವಸಂತಕ್ಕೆ ಮತ್ತೆ ಮುಚ್ಚಿರುತ್ತದೆ.